ದಡ್ಡಿಯಲ್ಲಿಲ್ಲದ ಕುರಿಗಳು

ಮಂಗಳವಾರ ಬೆಳಿಗ್ಗೆ ಮೂಡಲಗಿ ಪೊಲೀಸ್ ಠಾಣೆಗೆ ಬಂದ ದೂರು ವಿಚಿತ್ರವಾಗಿತ್ತು. ಮಸಗುಪ್ಪಿಯ ಕುರಿಗಾರ ಸತ್ತೆಪ್ಪನ ಅರವತ್ತು ಕುರಿ ಹಿಂದಿನ ದಿನ ಕಳವಾಗಿದ್ದವು. ಕುರಿಗಳ ಕೊರಳಪಟ್ಟಿಯಿಂದ ಸುದ್ದಿ ಪಡೆಯುವ ಅವನ ಮೊಬೈಲ್ ಮಾತ್ರ ಎಲ್ಲವೂ ದಡ್ಡಿಯ ಬೇಲಿಯೊಳಗೇ ಇವೆ ಎನ್ನುತ್ತಿತ್ತು.

"ನೋಡ್ರಿ ಮೇಡಂ, ಈಗೂ ತೋರಸಾಕತ್ತೈತಿ," ಎಂದು ಅವನು ಪಿಎಸ್‌ಐ ದಾಕ್ಷಾಯಿಣಿಯವರ ಮುಂದೆ ಫೋನ್ ಹಿಡಿದ. ಪರದೆಯ ಮೇಲೆ ಹಸಿರು ಚುಕ್ಕಿಗಳು ಆರಾಮಾಗಿ ಅಡ್ಡಾಡುತ್ತಿದ್ದವು.

"ನೀವು ಎಲ್ಲಿದ್ರಿ?"

"ನಾನೂ ಹೆಂಡ್ತೀನೂ ಬೀಗರ ಮನಿಗೆ ಹೋಗಿದ್ವಿರಿ. ಫೋನ್ ಕಾಯತೈತಿ ಅಂತ..." ಆ ಕುರಿ ಬಿಟ್ಟರೆ ಅವನಿಗೆ ಬೇರೆ ಬದುಕಿರಲಿಲ್ಲ.

ಎಫ್‌ಐಆರ್ ದಾಖಲಿಸಿ, ಹೆಡ್ ಕಾನ್‌ಸ್ಟೇಬಲ್ ಗಜಾನನನೊಂದಿಗೆ ದಾಕ್ಷಾಯಿಣಿ ಮಸಗುಪ್ಪಿಗೆ ಹೋಗಿ ಪಂಚನಾಮೆ ಮಾಡಿದರು. ದಡ್ಡಿ ಖಾಲಿ. ಗೊರಸಿನ ಗುರುತುಗಳು ಒಂದೇ ಸಾಲಾಗಿ ರಸ್ತೆಯವರೆಗೆ ಹೋಗಿದ್ದವು.

"ಹೊರಗಿನವ್ರ ಬಂದಿದ್ರ ದಿಕ್ಕಾಪಾಲಾಗಿ ಓಡತಿದ್ವು," ಎನ್ನುತ್ತಲೇ ಸತ್ತೆಪ್ಪನ ಹೆಂಡತಿ ರಾಮವ್ವ ತಟ್ಟನೆ ಬಾಯಿ ಮುಚ್ಚಿಕೊಂಡಳು.

ಬದುವಿನ ಬೇವಿನ ಮರದಲ್ಲಿ ಗಜಾನನನಿಗೆ ಬುತ್ತಿಯ ಡಬ್ಬಿಯಷ್ಟಿದ್ದ ಒಂದು ಯಂತ್ರ ಸಿಕ್ಕಿತು. ಬ್ಯಾಟರಿ ಕಿತ್ತ ಕೂಡಲೇ ಫೋನಿನಲ್ಲಿದ್ದ ಅಷ್ಟೂ ಕುರಿ ಮಾಯವಾದವು.

"ಅಬಾಬಾ! ಒಂದ ಡಬ್ಬಿ ಅರವತ್ತ ಕುರಿ ಆಗಿ ಕುಂತಿತ್ತಲ್ರಿ ಮೇಡಂ!"

ಮಧ್ಯಾಹ್ನ ಸತ್ತೆಪ್ಪನನ್ನೂ ಕರೆದುಕೊಂಡು ಗೋಕಾಕಕ್ಕೆ ಹೋದರು. ಕುರಿಗಳಿಗೆ ಸೆನ್ಸರ್ ಪಟ್ಟಿ ಕಟ್ಟಿದ ಅಂಗಡಿಯ ಶಿವಕುಮಾರ ವಿವರಿಸಿದ. ಕೊರಳಪಟ್ಟಿಗಳು ತಂತಿಯಿಲ್ಲದೆ ಒಂದಕ್ಕೊಂದು ಸುದ್ದಿ ದಾಟಿಸುತ್ತವೆ, ದಡ್ಡಿಯ ಯಂತ್ರ ಅದನ್ನು ಫೋನಿಗೆ ಕಳಿಸುತ್ತದೆ. ಕುರಿ ತಿರುಗಾಡುವುದರಿಂದ ಪಟ್ಟಿಗಳು ಬಿಟ್ಟುಹೋಗುತ್ತವೆ, ಮತ್ತೆ ಸೇರುತ್ತವೆ. ಸೇರುವಾಗ ದಡ್ಡಿಯ ಯಂತ್ರ ಪ್ರತಿಯೊಂದರ ಗುರುತು ಕೇಳಬೇಕು; ಕೇಳದಿದ್ದರೆ ಮರದಲ್ಲಿ ಸಿಕ್ಕಂಥ ಡಬ್ಬಿಯೂ ಅರವತ್ತು ಪಟ್ಟಿಗಳ ಹೆಸರಿನಲ್ಲಿ ಒಳಸೇರುತ್ತದೆ.

"ಮತ್ತ ಇಲ್ಲಿ ಯಾಕ ಕೇಳಲಿಲ್ಲ?"

"ಕೇಳೂದನ್ನ ಸತ್ತೆಪ್ಪನೇ ಬಂದ್ ಮಾಡಿಸ್ಯಾನ್ರಿ."

ಸತ್ತೆಪ್ಪ ತಲೆ ತಗ್ಗಿಸಿದ. "ದಾರಿಯೊಳಗಿನ ಕುರಿಗಾರ ಬಂದ್ರ ಅವನ ಕುರೀನೂ ನಮ್ಮ ದಡ್ಡಿಗೆ ಹೊಡಕೋತೇವ್ರಿ. ಅವರ ಪಟ್ಟೀನೂ ಇದರಾಗ ಕೂಡಬೇಕಲ್ರಿ. ಮನಿಗೆ ಬಂದವನ್ನ ನೀ ಯಾರು ಅಂತ ಕೇಳಿದ್ರ ಮರ್ಯಾದಿ ಏನ ಉಳೀತೈತಿ?"

ಒಳ್ಳೆಯತನವೇ ಕಳ್ಳನಿಗೆ ಬಾಗಿಲು ತೆರೆದರೆ ಅದಕ್ಕೆ ಯಾವ ಕಲಮು ಹಾಕುವುದು ಎಂದುಕೊಂಡರು ದಾಕ್ಷಾಯಿಣಿ.

"ಬಂದ್ ಮಾಡಿಕೊಟ್ಟವ್ರು ಯಾರು?"

"ನಮ್ಮಲ್ಲಿ ಕೆಲಸಕ್ಕಿರೋ ಮಾಲಿಂಗರಿ. ಸತ್ತೆಪ್ಪನ ಅಣ್ಣನ ಮಗ. ಸೋಮವಾರದಿಂದ ಬಂದಿಲ್ಲ."

ರಾಮವ್ವ ಏಕೆ ಬಾಯಿ ಮುಚ್ಚಿಕೊಂಡಳೆಂದು ಆಗ ತಿಳಿಯಿತು. ಆ ಕುರಿಗಳು ಕರೆದರೆ ಹಿಂದೆ ಬರುವುದು ಮನೆಯವರ ದನಿಗೆ ಮಾತ್ರ.

ಹುಕ್ಕೇರಿ ಠಾಣೆಯವರ ನೆರವಿನಿಂದ ಹತ್ತರಗಿಯ ಹೆದ್ದಾರಿ ಕ್ಯಾಮೆರಾ ನೋಡಿದರು. ಕುರಿ ತುಂಬಿದ ಲಾರಿ ಸೋಮವಾರ ಸಂಜೆಯೇ ದಾಟಿತ್ತು. ನಂಬರ್ ಪ್ಲೇಟ್ ಸುಳ್ಳು. ಮಾಲಿಂಗನನ್ನು ಹುಡುಕುವ ಕಷ್ಟವೇ ಬರಲಿಲ್ಲ. ಹೆದ್ದಾರಿಯ ಬಾಜೂ ಒಂದು ಕಲ್ಲಿನ ಮೇಲೆ ಕುಳಿತು, ಬಂದ ಲಾರಿಗಳನ್ನೆಲ್ಲ ನೋಡುತ್ತಿದ್ದ.

"ಲಾರಿಯಾಂವಗ ಒಂದ ದಿನ ಇಟಗೊಂಡ ವಾಪಸ್ ತಾ ಅಂದಿದ್ನಿರಿ. ಈಗ ಫೋನ್ ಎತ್ತವಲ್ಲ," ಎಂದ. ಗಜಾನನ ಅವನನ್ನು ಬಂಧಿಸಿದ.

ಠಾಣೆಯಲ್ಲಿ ಸತ್ತೆಪ್ಪ ಕೈಮುಗಿದ. "ದೂರು ವಾಪಸ್ ತಗೋತೇನ್ರಿ ಮೇಡಂ. ನಮ್ಮ ಹುಡುಗ ಅದಾನ."

"ಎಫ್‌ಐಆರ್ ಆಗೇತಿ. ಇನ್ನ ನನ್ನ ಕೈಯಾಗಿಲ್ಲ."

ಸತ್ತೆಪ್ಪ ಮಾಲಿಂಗನ ಕಡೆ ತಿರುಗಿದ. "ಯಾಕ್ ಮಾಡಿದ್ಯೋ?"

"ಸಣ್ಣಾಂವ ಇದ್ದಾಗಿಂದ ಕುರಿ ನಾನ ಕಾದೆ, ಕಾಕಾ. ಪಟ್ಟಿ ಬಂದ ಮ್ಯಾಲ ಕಾಯಾಕ ಕರೀಲೇ ಇಲ್ಲ ನೀ. ಫೋನ್ ಸುಳ್ಳ ಹೇಳತೈತಿ ಅಂತ ಗೊತ್ತಾದ್ರ ಮತ್ತ ಕರೀತಿ ಅನಕೊಂಡಿದ್ದೆ."

ದಾಕ್ಷಾಯಿಣಿ ಅದನ್ನು ಹೇಳಿಕೆಯಲ್ಲಿ ಬರೆಸಿಕೊಂಡರು. ಮಾಲಿಂಗನನ್ನು ಬೇಡ ಎಂದು ಯಾರೂ ಅಂದಿರಲಿಲ್ಲ, ಕರೆಯುವುದನ್ನಷ್ಟೇ ಬಿಟ್ಟಿದ್ದರು. ಕುರಿಗಳು ಸಿಗಲಿಲ್ಲ.