ನೀರು ಸೋರದ ಕುಲಾವಿ

"ನಮ್ಮವ್ವನ ಲಂಗ ನಿಮ್ಮ ಮೈಮೇಲೆ ಹೇಗೆ ಬಂತು?"

ಪುನೊ ಊರಿನ ಸೆರೆಮನೆಯ ಅಂಗಳದಲ್ಲಿ ಸಿಲ್ವಾನೊ ನೊಯೆಮಿಗೆ ಹೇಳಿದ ಮೊದಲ ಮಾತು ಇದು. ನಮಸ್ಕಾರವಿಲ್ಲ, ನೀವು ಯಾರು ಅನ್ನೋ ಪ್ರಶ್ನೆಯಿಲ್ಲ. ಕೈಯಲ್ಲಿ ನಾಲ್ಕು ಸಪೂರ ಸೂಜಿ, ಅರ್ಧ ಹೆಣೆದ ಕೆಂಪು ಉಣ್ಣೆ, ಕಣ್ಣಲ್ಲಿ ಕೋಪ.

ನೊಯೆಮಿಯ ಕೆನ್ನೆ ಬಿಸಿಯಾಯಿತು.

"ಪ್ಯಾಂಟ್ ಹಾಕ್ಕೊಂಡು ಬಂದ ಹೆಂಗಸರನ್ನ ಒಳಗೆ ಬಿಡಲ್ಲ ಅಂದ್ರು. ನಂಗೆ ಗೊತ್ತಿರಲಿಲ್ಲ. ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದ ನಿಮ್ಮವ್ವ ತಮ್ಮ ಮೇಲಿನ ಲಂಗ ಬಿಚ್ಚಿ ಕೊಟ್ರು. ಗಾಬರಿ ಬೇಡ, ಒಳಗೆ ಇನ್ನೂ ಐದಿದ್ವು!"

ಅವನು ಲಂಗವನ್ನು ಮತ್ತೊಮ್ಮೆ ನೋಡಿದ. ಆಮೇಲೆ ನಕ್ಕ. ಆ ನಗು ತುಕ್ಕು ಹಿಡಿದ ಬಾಗಿಲು ತೆರೆದ ಹಾಗಿತ್ತು.

ಹಿಂದೆಯೇ ಬಂದ ಅವನ ತಾಯಿ ಬಸಿಲಿಯ ನೊಯೆಮಿಯನ್ನು ಮೇಲಿಂದ ಕೆಳಗೆ ನೋಡಿದಳು. "ಲಂಗವೇನೋ ಒಪ್ಪುತ್ತೆ ಮಗಳೇ. ಆದ್ರೆ ಕೂದಲು ಯಾಕೆ ಹೀಗೆ ಮೊಟಕು? ಏನಾದ್ರೂ ಕಾಯಿಲೆನಾ?"

"ಇಲ್ಲವ್ವ, ನಾನೇ ಕತ್ತರಿಸ್ಕೊಂಡೆ."

"ಅಯ್ಯೋ ಪಾಪ!" ಅಂದಳು ಬಸಿಲಿಯ, ನಿಜವಾದ ದುಃಖದಿಂದ.

ನೊಯೆಮಿ ಹೂಲಿಯಾಕಾ ಊರಿನ ಬಸ್ ಚಾಲಕನ ಮಗಳು. ಮಾಡದ ತಪ್ಪಿಗೆ ಶಿಕ್ಷೆಯಾದವರ ಪರ ಹೋರಾಡುವ ಒಂದು ಸಣ್ಣ ಕೂಟದಲ್ಲಿ ವಕೀಲೆ. ಕೂಟವೆಂದರೆ ಎರಡು ಕೋಣೆ, ಸೋರುವ ಮಾಡು, ಕಡತಗಳ ರಾಶಿ. ಕೈದಿಯ ಮಾತಿಗೆ ಕರಗಬೇಡ, ಕಡತ ಓದು ಎಂದು ಹಿರಿಯ ವಕೀಲೆ ಅವಳಿಗೆ ಮೊದಲ ದಿನವೇ ಹೇಳಿದ್ದರು.

ಸಿಲ್ವಾನೊ ಟಿಟಿಕಾಕಾ ಸರೋವರದ ನಡುವಿನ ತಕೀಲೆ ದ್ವೀಪದವನು. ಆರು ವರ್ಷದ ಹಿಂದೆ ಒಂದು ಸಂತೆಯ ಬೆಳಿಗ್ಗೆ ಪುನೊದ ಉಣ್ಣೆ ವ್ಯಾಪಾರಿಯೊಬ್ಬನ ಕೊಲೆಯಾಯಿತು. ಕುಲಾವಿ ತೊಟ್ಟ ದ್ವೀಪದವನೊಬ್ಬ ಅಂಗಡಿಯಿಂದ ಓಡಿದ್ದನ್ನು ಪಕ್ಕದ ಅಂಗಡಿಯ ಮುದುಕಿ ಕಂಡಿದ್ದಳು. ಅರ್ಧ ಗಂಟೆಯಲ್ಲಿ ಪೊಲೀಸರು ದೋಣಿಕಟ್ಟೆಗೆ ಬಂದರು. ಅಲ್ಲಿದ್ದ ದ್ವೀಪದವನು ಸಿಲ್ವಾನೊ ಒಬ್ಬನೇ. ಇಪ್ಪತ್ತು ವರ್ಷ ಶಿಕ್ಷೆ.

ಬಸಿಲಿಯ ಪ್ರತಿ ಶನಿವಾರ ಮೂರು ಗಂಟೆ ದೋಣಿಯಲ್ಲಿ ಕೂತು ಬರುತ್ತಿದ್ದಳು. ಬೇಯಿಸಿದ ಕರಿ ಆಲೂಗಡ್ಡೆ, ಹುರಿದ ಮೀನು, ಉಣ್ಣೆಯ ಉಂಡೆ. ಆರು ವರ್ಷದಲ್ಲಿ ಒಂದು ಶನಿವಾರವೂ ತಪ್ಪಿಲ್ಲ. ಇದನ್ನು ನೊಯೆಮಿ ಕಾವಲುಗಾರನಿಂದ ಕೇಳಿದಳು.

ಅಷ್ಟು ಶನಿವಾರಗಳು... ಒಂದು ದಿನವೂ ಈಕೆಗೆ ಸಾಕು ಅನಿಸಲಿಲ್ಲವೇ?

ನೊಯೆಮಿಯೂ ಶನಿವಾರ ತಪ್ಪಿಸದಾದಳು. ಮೊದಲು ಕಡತದ ಪ್ರಶ್ನೆಗಳು. ಆಮೇಲೆ ಕಡತದಲ್ಲಿಲ್ಲದ ಪ್ರಶ್ನೆಗಳು. ಒಮ್ಮೆ ಅವನು ನೂರಾರು ಹೆಣಿಗೆಯನ್ನು ಸರಸರನೆ ಬಿಚ್ಚುತ್ತಿದ್ದ.

"ಯಾಕೆ ಬಿಚ್ತೀರಿ? ಚೆನ್ನಾಗೇ ಇತ್ತಲ್ಲ!"

"ಒಂದು ಹೆಣಿಗೆ ಸಡಿಲ ಆಗಿದೆ. ನೀರು ಸೋರುತ್ತೆ."

"ಕುಲಾವಿಯಲ್ಲಿ ನೀರು ತುಂಬ್ತೀರಾ? ಕೊಡ ಇಲ್ವಾ ನಿಮ್ಮ ಮನೇಲಿ?"

ಅವನು ತಲೆ ತಗ್ಗಿಸಿ ನಕ್ಕ, ಮತ್ತೆ ಹೆಣೆಯತೊಡಗಿದ. ಅವನ ತಲೆಯ ಮೇಲೆ ಯಾವಾಗಲೂ ಒಂದೇ ಹಳೆಯ ಕುಲಾವಿ. ಕೆಳಗೆ ಕೆಂಪು, ಮೇಲೆ ಬಿಳಿ. ಬಿಳಿ ಈಗ ಬೂದಿಯ ಬಣ್ಣಕ್ಕೆ ತಿರುಗಿತ್ತು. ಅದರ ಕಿವಿಪಟ್ಟಿಯ ಕೆಳಗೆ ಇಳಿದ ಅವನ ಕೂದಲನ್ನು ನೋಡುತ್ತಾ ತಾನು ಪ್ರಶ್ನೆ ಮರೆತಿದ್ದೇನೆ ಎಂದು ನೊಯೆಮಿಗೆ ಹೊಳೆದಾಗ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

*ನೀನು ವಕೀಲೆ. ನೆನಪಿರಲಿ!*

ಆ ವಾರವೇ ಅವಳಿಗೆ ಮುದುಕಿಯ ಮೊದಲ ಹೇಳಿಕೆ ಸಿಕ್ಕಿತು. ಶಿಕ್ಷೆಯ ಆದೇಶದಲ್ಲಿ ಬರೀ 'ಕುಲಾವಿ' ಎಂದಿತ್ತು. ಇಲ್ಲಿ ಹಾಗಲ್ಲ. 'ಕುಚ್ಚಿನ ತುದಿಯವರೆಗೂ ಪೂರ್ತಿ ಕೆಂಪು ಕುಲಾವಿ.' ಮೂರು ಕಡೆ ಅದೇ ಮಾತು.

ಪೂರ್ತಿ ಕೆಂಪು. ಅವನ ಕೈಯಲ್ಲಿ ದಿನವೂ ಬೆಳೆಯುತ್ತಿದ್ದುದೂ ಅದೇ.

ಶನಿವಾರ ಅವಳು ನೇರವಾಗಿ ಕೇಳಿದಳು. "ಆವತ್ತು ನೀವು ಹಾಕಿದ್ದು ಇಂಥ ಕೆಂಪು ಕುಲಾವಿನಾ?"

ಸಿಲ್ವಾನೊನ ಮುಖ ಕೆಂಪಾಯಿತು. ಹೆಣಿಗೆಯನ್ನು ಸರಕ್ಕನೆ ಕಂಬಳಿಯೊಳಗೆ ತುರುಕಿದ.

"ಇದನ್ನ ಹಾಕ್ಕೊಳ್ಳೋ ಯೋಗ ನಂಗಿನ್ನೂ ಬಂದಿಲ್ಲ."

"ಕೇಳಿದ್ದಕ್ಕೆ ಉತ್ತರ ಕೊಡಿ. ಹೌದಾ, ಇಲ್ವಾ?"

"ಗೊತ್ತಿದ್ದೂ ಕೇಳ್ತೀರಲ್ಲ ಲಾಯರಮ್ಮ! ಜೈಲಲ್ಲಿರೋನನ್ನ ಅಣಕಿಸೋದು ಸುಲಭ."

ಅವನು ಎದ್ದು ಹೋದ.

ನೊಯೆಮಿ ಕಲ್ಲುಬೆಂಚಿನ ಮೇಲೆ ಕೂತೇ ಇದ್ದಳು. ತಪ್ಪು ಮಾಡದವನು ಯಾಕೆ ಬಚ್ಚಿಡಬೇಕು? ಎಂಟು ತಿಂಗಳು ತಾನು ನೋಡಿದ್ದು ಕೈದಿಯನ್ನಾ, ಅವನ ನಗುವನ್ನಾ?

ಒಂದು ಶನಿವಾರ ಅವಳು ಹೋಗಲಿಲ್ಲ. ಎರಡು. ಮೂರು. ಕಡತವನ್ನು ಕೈಬಿಡಬೇಕು ಎಂದುಕೊಂಡಳು. ಬಿಟ್ಟರೆ ಇನ್ನು ಹದಿಮೂರು ವರ್ಷ ಅವನ ಹೆಸರನ್ನು ಯಾರೂ ಎತ್ತುವುದಿಲ್ಲ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಗೂಟದಲ್ಲಿ ಬಸಿಲಿಯಳ ಲಂಗ ನೇತಾಡುತ್ತಿತ್ತು. ಪ್ರತಿ ಸಲ ಹಿಂದಿರುಗಿಸಲು ಹೋದಾಗಲೂ 'ನಿಂಗೇ ಬೇಕಾಗುತ್ತೆ ಇಟ್ಕೋ' ಎಂದಿದ್ದಳು ಆಕೆ. ಕಡತ ಬಿಡುವವಳು ಲಂಗವನ್ನು ಇಟ್ಟುಕೊಳ್ಳುವಂತಿಲ್ಲ. ಆ ತಾಯಿಗೆ ಮುಖ ಕೊಟ್ಟೇ ಹೇಳಬೇಕು. ನೊಯೆಮಿ ದೋಣಿ ಹತ್ತಿದಳು.

ದ್ವೀಪದ ಐನೂರು ಚಿಲ್ಲರೆ ಮೆಟ್ಟಿಲು ಹತ್ತುವಷ್ಟರಲ್ಲಿ ಅವಳ ಉಸಿರು ಬಾಯಿಗೆ ಬಂದಿತ್ತು. ಮೇಲೆ ಕಲ್ಲುಚಪ್ಪಡಿಯ ಚೌಕ. ಬಿಸಿಲಿನಲ್ಲಿ ಗಂಡಸರು ಸಾಲಾಗಿ ಕೂತು ಕುಲಾವಿ ಹೆಣೆಯುತ್ತಿದ್ದರು.

ಅವಳು ನಿಂತಲ್ಲೇ ನಿಂತಳು.

ನೆರೆತ ಕೂದಲಿನವರದು ಪೂರ್ತಿ ಕೆಂಪು. ಮಗುವನ್ನು ಬೆನ್ನಿಗೆ ಕಟ್ಟಿಕೊಂಡವನದು ಪೂರ್ತಿ ಕೆಂಪು. ಮೂಲೆಯಲ್ಲಿ ಹರಟುತ್ತಿದ್ದ ಹರೆಯದವರದು ಮಾತ್ರ ಕೆಳಗೆ ಕೆಂಪು, ಮೇಲೆ ಬಿಳಿ. ಅವನದರ ಹಾಗೆ.

"ಅಜ್ಜ," ಎಂದಳು ಹತ್ತಿರ ಕೂತಿದ್ದ ಮುದುಕನಿಗೆ, "ಆ ಹುಡುಗರ ಕುಲಾವಿ ಯಾಕೆ ಬೇರೆ?"

ಮುದುಕ ನಮಸ್ಕಾರದ ಬದಲು ಅವಳ ಕೈಗೆ ಅಗಿಯಲು ಒಂದು ಹಿಡಿ ಕೋಕಾ ಎಲೆ ಹಾಕಿದ. "ಯಾಕಂದ್ರೆ ಅವರಿಗಿನ್ನೂ ಯಾರೂ ಹೆಣ್ಣು ಕೊಟ್ಟಿಲ್ಲ!"

ಚೌಕವೆಲ್ಲ ನಕ್ಕಿತು.

"ಮದುವೆಯಾಗದವನು ಪೂರ್ತಿ ಕೆಂಪು ಹಾಕೋದೇ ಇಲ್ವಾ? ತಮಾಷೆಗೆ? ಚಳಿಗೆ?"

ನಗು ನಿಂತಿತು. ಬಸಿಲಿಯ ಗುಂಪಿನಿಂದ ಮುಂದೆ ಬಂದಳು. "ಹೇಗೆ ಹಾಕ್ತಾನೆ ಮಗಳೇ? ಅವನ ಮದುವೆ ಆಗಿಲ್ವಲ್ಲ."

"ಅವ್ವ! ಇದನ್ನ ಕೋರ್ಟಿನಲ್ಲಿ ಯಾರಾದ್ರೂ ಹೇಳಿದ್ರಾ?"

"ನಮ್ಮೋನು ಕಳ್ಳ ಅಲ್ಲ, ಸುಳ್ಳ ಅಲ್ಲ ಅಂತ ಊರೆಲ್ಲ ಹೋಗಿ ಹೇಳಿದ್ವಿ. ಕುಲಾವಿ ವಿಷ್ಯ ಹೇಳೋಕೇನಿದೆ? ಅದು ಕಣ್ಣಿಗೆ ಕಾಣುತ್ತಲ್ಲ!"

ಕಣ್ಣಿಗೆ ಕಾಣುತ್ತಲ್ಲ... ನೊಯೆಮಿ ಮೆಟ್ಟಿಲ ಮೇಲೆ ಕೂತಳು. ಇಡೀ ದ್ವೀಪ ಅವನ ನಿರಪರಾಧಿತ್ವವನ್ನು ತಲೆಯ ಮೇಲೆ ಹೊತ್ತು ತಿರುಗುತ್ತಿತ್ತು. ಪ್ರತಿ ಶನಿವಾರ ಅವನೂ ಅದನ್ನು ತೊಟ್ಟೇ ಅವಳೆದುರು ಕೂತಿದ್ದ. ಪೊಲೀಸರು ನೋಡಿದ್ದರು, ನ್ಯಾಯಾಧೀಶರು ನೋಡಿದ್ದರು, ಅವಳೂ ನೋಡಿದ್ದಳು. ಯಾರಿಗೂ ಕಂಡಿರಲಿಲ್ಲ.

ಕೆಳಗೆ ಸರೋವರ ಆಕಾಶದಷ್ಟೇ ದೊಡ್ಡದಾಗಿ ಹೊಳೆಯುತ್ತಿತ್ತು. ಅವಳಿಗೆ ಅಳು ಬಂತು.

ಬಸಿಲಿಯ ಪಕ್ಕದಲ್ಲಿ ಕೂತಳು. "ಅವನು ಜೈಲಲ್ಲಿ ಕೆಂಪು ಕುಲಾವಿ ಹೆಣೀತಿದ್ದಾನೆ ಅಂತ ನಂಗೂ ಗೊತ್ತು. ಯಾರಿಗೋಸ್ಕರ ಅಂತ ನಾನು ಕೇಳಿಲ್ಲ. ನೀನು ಕೇಳಿದ್ಯಾ?"

ನೊಯೆಮಿ ಮುಖ ಮುಚ್ಚಿಕೊಂಡಳು. *ಅಯ್ಯೋ, ನಾನೇನು ಕೇಳಿಬಿಟ್ಟೆ ಅವನನ್ನ!*

ಲಂಗವನ್ನು ಅವಳು ಹಿಂದಿರುಗಿಸಲಿಲ್ಲ.

ಮುಂದಿನ ಕೆಲಸ ಕಡತದ್ದು. ದೋಣಿಕಟ್ಟೆಯಲ್ಲಿ ಹಿಡಿದಾಗ ಪೊಲೀಸರೇ ತೆಗೆದ ಫೋಟೊ ಠಾಣೆಯ ಹಳೆಯ ಕಟ್ಟಿನಲ್ಲಿ ಅವಳಿಗೆ ಸಿಕ್ಕಿತು. ಸಿಲ್ವಾನೊನ ತಲೆಯ ಮೇಲೆ ತುದಿ ಬಿಳಿಯ ಕುಲಾವಿ. ಮರುವಿಚಾರಣೆ ಸಿಗಲು ಏಳು ತಿಂಗಳು ಹಿಡಿಯಿತು.

ನ್ಯಾಯಾಧೀಶರು ದ್ವೀಪದ ಮುದುಕನನ್ನು ಕೇಳಿದರು, "ಆವತ್ತು ಒಂದು ದಿನಕ್ಕೆ ಅವನು ಬೇರೆಯವರ ಕುಲಾವಿ ತೊಟ್ಟಿರಬಾರದೇಕೆ?"

"ಸ್ವಾಮಿ, ನೀವು ಒಂದು ದಿನಕ್ಕೆ ನಿಮ್ಮ ಹೆಂಡ್ತಿ ಲಂಗ ಉಟ್ಟು ಇಲ್ಲಿಗೆ ಬರ್ತೀರಾ?"

ನ್ಯಾಯಾಲಯ ಗೊಳ್ಳೆಂದಿತು. ಆದರೆ ತೀರ್ಪು ತಂದದ್ದು ಆ ನಗುವಲ್ಲ. ಸಾಕ್ಷಿ ಮುದುಕಿಯ ಮುಂದೆ ನೊಯೆಮಿ ಎರಡು ಕುಲಾವಿ ಇಟ್ಟಳು. ಮುದುಕಿ ತಡಮಾಡದೆ ಪೂರ್ತಿ ಕೆಂಪಿನ ಮೇಲೆ ಬೆರಳಿಟ್ಟಳು.

"ಇದು. ನಾನು ಮೊದಲಿಂದ ಇದನ್ನೇ ಹೇಳ್ತಿದ್ದೀನಿ." ಆಮೇಲೆ, ಈವರೆಗೆ ಯಾರೂ ತನಗೆ ತೋರಿಸದಿದ್ದ ಆ ಫೋಟೊ ನೋಡಿದಳು. ಬಹಳ ಹೊತ್ತು ನೋಡಿದಳು. "ದೇವರೇ... ಇವನಲ್ಲ."

ಏಳು ವರ್ಷ ಎರಡು ಶಬ್ದಗಳಲ್ಲಿ ಮುಗಿದುಹೋಯಿತು. ಬಸಿಲಿಯ ಅಳಲಿಲ್ಲ. ಮಗನಿಗೆಂದು ತಂದಿದ್ದ ಆಲೂಗಡ್ಡೆಯ ಗಂಟನ್ನು ಬಿಚ್ಚಿ ಎಲ್ಲರಿಗೂ ಹಂಚತೊಡಗಿದಳು. ಆ ಮುದುಕಿಗೂ ಕೊಟ್ಟಳು. ಮುದುಕಿ ತಲೆ ಎತ್ತದಿದ್ದಾಗ ಬಸಿಲಿಯ ಅವಳ ಕೈ ಹಿಡಿದುಕೊಂಡಳು. ನೊಯೆಮಿ ಬೆರಗಾಗಿ ನೋಡುತ್ತಾ ನಿಂತಳು. ಕಾನೂನಿನ ಯಾವ ಪುಸ್ತಕದಲ್ಲೂ ಅವಳು ಇಂಥದ್ದನ್ನು ಓದಿರಲಿಲ್ಲ.

ಬಿಡುಗಡೆಯಾದ ದಿನ ದೋಣಿಕಟ್ಟೆಯಲ್ಲಿ ಸಿಲ್ವಾನೊ ನೀರಿನ ಅಂಚಿಗೆ ಹೋಗಿ ನಿಂತಿದ್ದ. ನೊಯೆಮಿ ಹತ್ತಿರ ಬಂದಳು.

"ಒಂದು ಮಾತು ಹೇಳ್ಬೇಕು. ನಾನು ಮೂರು ವಾರ ನಿಮ್ಮನ್ನ ಅನುಮಾನಿಸಿದ್ದೆ."

"ಬೇರೆಯವರೆಲ್ಲ ಏಳು ವರ್ಷ ಅನುಮಾನಿಸಿದ್ರು. ಮೂರು ವಾರ ಕಮ್ಮಿನೇ." ಅವನು ಅವಳತ್ತ ತಿರುಗಿದ. "ನೀವು ನನ್ನ ಆಸೆ ಗೊತ್ತಾಗಿ ಅಣಕಿಸ್ತಿದ್ದೀರಿ ಅಂತ ನಾನೂ ತಪ್ಪು ತಿಳಿದಿದ್ದೆ."

ಕಂಬಳಿಯೊಳಗಿಂದ ಕೆಂಪು ಕುಲಾವಿ ತೆಗೆದ. ಬಗ್ಗಿ ಸರೋವರದ ನೀರನ್ನು ಅದರಲ್ಲಿ ಮೊಗೆದು ಎತ್ತಿ ಹಿಡಿದ.

ನೊಯೆಮಿ ಉಸಿರು ಬಿಗಿಹಿಡಿದಳು. ಒಂದು ಹನಿ... ಇಲ್ಲ. ಒಂದು ಹನಿಯೂ ಕೆಳಗೆ ಬೀಳಲಿಲ್ಲ!

"ನಮ್ಮಲ್ಲಿ ಇದನ್ನ ಹುಡುಗಿಯ ಅಪ್ಪನಿಗೆ ತೋರಿಸ್ಬೇಕು. ನೀರು ಸೋರಿದ್ರೆ ಹೆಣ್ಣು ಕೊಡಲ್ಲ."

"ನಮ್ಮಪ್ಪ ಬಸ್ ಓಡಿಸೋನು. ಬ್ರೇಕ್ ನೋಡ್ತಾನೆ, ಕುಲಾವಿ ನೋಡಲ್ಲ."

"ಮಗಳು ನೋಡ್ತಾಳಾ?"

ಅವಳು ಎರಡೂ ಕೈ ಚಾಚಿ ತುಂಬಿದ ಕುಲಾವಿಯನ್ನು ಅವನ ಕೈಗಳ ಸಮೇತ ಹಿಡಿದಳು. ನೀರು ತಣ್ಣಗಿತ್ತು, ಅವನ ಬೆರಳು ಬೆಚ್ಚಗಿತ್ತು.

"ನೋಡಿದೆ. ಸೋರಲ್ಲ."

ದೋಣಿಯಿಂದ ಬಸಿಲಿಯ ಕೂಗಿದಳು. "ಅವಳ ಪಾಲಿನ ಕೆಲಸಾನೂ ಹೇಳೋ! ಮದುಮಗಳು ತನ್ನ ಕೂದಲು ಸೇರಿಸಿ ನಿಂಗೆ ಸೊಂಟದ ಪಟ್ಟಿ ನೇಯ್ಬೇಕು. ಈ ಮೊಟಕು ಕೂದಲಲ್ಲಿ ಏನು ನೇಯ್ತಾಳೆ?"

ನೊಯೆಮಿ ತನ್ನ ಕತ್ತಿನ ಮೇಲಿನ ಕೂದಲನ್ನು ಮುಟ್ಟಿಕೊಂಡಳು. "ಬೆಳೆಯೋಕೆ ಎರಡು ವರ್ಷನಾದ್ರೂ ಬೇಕು, ಸಿಲ್ವಾನೊ."

ಅವನು ಕೆಂಪು ಕುಲಾವಿಯ ನೀರನ್ನು ಮೆಲ್ಲಗೆ ಸರೋವರಕ್ಕೆ ಚೆಲ್ಲಿದ. ಹಿಂಡಿ ಅವಳ ಕೈಗಿಟ್ಟ. ತನ್ನ ಬೂದಿ ಬಣ್ಣದ ಹಳೆಯ ಕುಲಾವಿಯನ್ನು ನೆಟ್ಟಗೆ ಮಾಡಿಕೊಂಡ.

"ಬೆಳೀಲಿ. ಅಲ್ಲಿವರೆಗೆ ಇದನ್ನೇ ಹಾಕ್ಕೋತೀನಿ."