ಪರದೆ ಸಂದಿಯ ಕನ್ನಡಕ

“ಮತ್ತೆ ಪರದೆ ಅಲ್ಲಾಡ್ತು ಕಣೇ,” ಎಂದಳು ಪಕ್ಕದ ಮನೆ ಗೆಳತಿ.

ಚಿನಕುರುಳಿ ಹಗ್ಗ ಹಾರುವುದನ್ನು ನಿಲ್ಲಿಸಿದಳು. ಅವರ ಮನೆಯ ಮಹಡಿಗೆ ಹೊಸದಾಗಿ ಬಾಡಿಗೆಗೆ ಬಂದವರು ಬೇರೆ ಯಾರೂ ಅಲ್ಲ, ಅವಳ ಸ್ಕೂಲಿನ ಮ್ಯಾಥ್ಸ್ ಮಿಸ್. ಸಂಜೆಯಾದರೆ ಸಾಕು, ಮೇಲಿನ ಕಿಟಕಿಯ ಪರದೆ ಸಂದಿಯಲ್ಲಿ ಅವರ ಕನ್ನಡಕ ಹೊಳೆಯುತ್ತಿತ್ತು. ಇವಳು ತಲೆ ಎತ್ತಿದರೆ ಮಾಯ.

“ಲೆಕ್ಕ ಅಂದ್ರೆ ನಿದ್ದೆ, ಹಗ್ಗ ಅಂದ್ರೆ ರೆಡಿ. ಮಿಸ್ ಒಂದ್ಸಲ ಕಂಪ್ಲೇಂಟ್ ಮಾಡ್ಲಿ, ಹಗ್ಗ ಅಟ್ಟಕ್ಕೆ,” ಎಂದು ಅಮ್ಮ ಮೊದಲೇ ಹೇಳಿದ್ದಳು. ಅಮ್ಮ ಹೇಳಿದ್ದನ್ನು ಮಾಡುವವಳೇ. ಹಗ್ಗವಿಲ್ಲದ ಸಂಜೆ ನೆನೆದರೇ ಚಿನಕುರುಳಿಗೆ ಅಳು ಬರುತ್ತಿತ್ತು.

ಕಿಟಕಿ ತೆರೆಯಿತು. “ಏ ಹುಡುಗಿ, ಹಗ್ಗ ತಗೊಂಡು ಮೇಲೆ ಬಾ.”

ಗೆಳತಿ ಕಾಲಿಗೆ ಬುದ್ಧಿ ಹೇಳಿದಳು. ಚಿನಕುರುಳಿ, ಪಾಪ, ಒಬ್ಬಳೇ ಮೆಟ್ಟಿಲು ಹತ್ತಿದಳು.

ಮಿಸ್ ಬಾಗಿಲು ಮುಚ್ಚಿ ಚಿಲಕ ಹಾಕಿದರು. ಕುರ್ಚಿ, ಟೀಪಾಯಿ ಎಲ್ಲ ಗೋಡೆಗೆ ಒತ್ತರಿಸಿದ್ದರು. ಇವಳು ಹಗ್ಗವನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು.

“ಕೈ ಕತ್ತರಿ ಹಾಕಿ ಹಾರ್ತೀಯಲ್ಲ,” ಮಿಸ್ ದನಿ ತಗ್ಗಿಸಿದರು, “ಅದು ಹೇಗೆ? ಕಿಟಕೀಲಿ ನೋಡಿ ನೋಡಿ ಸಾಕಾಯ್ತು, ಬರ್ತಾನೇ ಇಲ್ಲ. ಯಾರಿಗೂ ಹೇಳ್ಬೇಡ.”

ಚಿನಕುರುಳಿಗೆ ನಗು ಉಕ್ಕಿ ಬಂತು. ಹಾರಿ ತೋರಿಸಿದಳು. ಮಿಸ್ ಹಾರಿದರು, ಹಗ್ಗ ಕಾಲಿಗೆ ಸುತ್ತಿಕೊಂಡಿತು. ಮತ್ತೆ ಹಾರಿದರು, ಮತ್ತೆ ಅದೇ ಕತೆ.

“ಇಷ್ಟೂ ತಲೆಗೆ ಹೋಗಲ್ವಾ?” ಮಿಸ್ ಕ್ಲಾಸಿನಲ್ಲಿ ದಿನಾ ಕೇಳುವ ಮಾತು ಇವಳ ನಾಲಿಗೆ ತುದಿಗೇ ಬಂದಿತ್ತು. ಅಷ್ಟರಲ್ಲಿ ಮಿಸ್ ಮುಖ ನೋಡಿದಳು. ಕಿವಿಯೆಲ್ಲ ಕೆಂಪಾಗಿತ್ತು. ಬೋರ್ಡಿನ ಮುಂದೆ ನಿಂತಾಗ ತನಗೂ ಹೀಗೇ ಆಗುತ್ತದಲ್ಲ. ಮಾತು ನುಂಗಿಕೊಂಡಳು.

“ಪರವಾಗಿಲ್ಲ ಮಿಸ್. ಹಗ್ಗ ತಲೆ ದಾಟಿದ ಮೇಲೆ ಕೈ ಕತ್ತರಿ ಮಾಡಿ. ನಿಧಾನಕ್ಕೆ.”

ಕೊನೆಗೂ ಹಗ್ಗ ಸುಯ್ಯೆಂದು ಕಾಲಡಿ ದಾಟಿತು. ಖುಷಿ ತಡೆಯಲಾರದೆ ಮಿಸ್ ಇನ್ನೊಮ್ಮೆ ಎಗರಿದರು. ಇಡೀ ನೆಲ ಧಡ್ಡೆಂದಿತು.

“ಮೇಲೆ ಅದೇನೇ ಧಡಬಡ? ನೀನೇನಾ?” ಕೆಳಗಿನಿಂದ ಅಮ್ಮ ಕೂಗಿದಳು.

ಮಿಸ್ ಗರಬಡಿದವರಂತೆ ನಿಂತುಬಿಟ್ಟರು. ಚಿನಕುರುಳಿಯ ಕಣ್ಣ ಮುಂದೆ ಅಟ್ಟ ಬಂತು. ಆದರೂ, “ಹೂಂ ಅಮ್ಮ, ನಾನೇ,” ಎಂದಳು.

ಮಿಸ್ ಅವಳನ್ನೇ ಒಂದು ಗಳಿಗೆ ನೋಡಿದರು. ಆಮೇಲೆ ಕಿಟಕಿಯಿಂದ ಬಗ್ಗಿ, “ಅವಳಲ್ಲ ಕಣ್ರೀ, ನಾನು. ನಿಮ್ಮ ಮಗಳ ಹತ್ರ ಹಗ್ಗದಾಟ ಕಲೀತಿದೀನಿ. ಇನ್ನೂ ಪೂರ್ತಿ ಅರ್ಥ ಆಗಿಲ್ಲ, ಸ್ವಲ್ಪ ಹೊತ್ತು ಇಲ್ಲೇ ಇರ್ಲಿ,” ಎಂದರು.

ಕೆಳಗೆ ಅಮ್ಮ ಬಿದ್ದು ಬಿದ್ದು ನಗುವುದು ಕೇಳಿಸಿತು. ಚಿನಕುರುಳಿ ಹಗ್ಗವನ್ನು ಮತ್ತೆ ಮಿಸ್ ಕೈಗೆ ಕೊಟ್ಟಳು. ನಾಳೆ ಕ್ಲಾಸಿನಲ್ಲಿ “ಅರ್ಥ ಆಗಲಿಲ್ಲ ಮಿಸ್” ಎಂದು ತಾನೂ ಹೇಳಬಹುದು ಅನ್ನಿಸಿತು ಅವಳಿಗೆ.