ಮುಷ್ಟಿಯಲ್ಲಿದ್ದ ಹಲ್ಲು

“ಹಲ್ಲೆಲ್ಲಿ? ಮೊದಲು ಹಲ್ಲು ಹುಡುಕಿ! ಯಾರೂ ತುಳೀಬೇಡಿ, ನೋಡಿಕೊಂಡು ಹೆಜ್ಜೆ ಇಡಿ!”

ಪಿಟಿ ಸರ್ ಕೂಗಿದ ಕೂಗಿಗೆ, ನಲ್ಲಿಯ ಹತ್ತಿರ ಮುತ್ತಿಕೊಂಡಿದ್ದ ಮಕ್ಕಳೆಲ್ಲ ದಡಬಡ ಹಿಂದಕ್ಕೆ ಸರಿದರು. ನಡುವೆ ಗಿಲಕಿ ಕುಕ್ಕರಗಾಲಲ್ಲಿ ಕೂತಿದ್ದಳು. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಬೆರಳ ಸಂದಿಯಿಂದ ರಕ್ತ ಇಳಿದು ಯೂನಿಫಾರ್ಮಿನ ಕಾಲರ್ ಕೆಂಪಾಗಿತ್ತು.

ಇಡೀ ಐದನೇ ಕ್ಲಾಸಿಗೆ ಕೇಳುವ ಹಾಗೆ ಕಿಲಕಿಲ ನಗುತ್ತಾಳೆ ಅಂತ ಅವಳಿಗೆ ಗಿಲಕಿ ಅನ್ನೋ ಹೆಸರು ಬಿದ್ದಿತ್ತು. ಈಗ ಅವಳು ಅಳುತ್ತಲೂ ಇರಲಿಲ್ಲ. ಸುಮ್ಮನೆ ಗಡಗಡ ನಡುಗುತ್ತಿದ್ದಳು.

ಪಿಟಿ ಸರ್ ಅವಳ ಬಾಯಿ ನೋಡಿದರು. ಅವರ ಮುಖ ಸಣ್ಣದಾಯಿತು.

“ಮೇಲಿನ ಮುಂದಿನ ಹಲ್ಲು. ಬೇರು ಸಮೇತ ಬಂದುಬಿಟ್ಟಿದೆ. ಇದು ಹಾಲುಹಲ್ಲಲ್ಲ, ಮತ್ತೆ ಹುಟ್ಟಲ್ಲ. ಆದ್ರೆ ಬೇಗ ಸಿಕ್ಕಿದ್ರೆ ಡಾಕ್ಟರ್ ವಾಪಸ್ ಕೂರಿಸ್ತಾರೆ. ಅರ್ಧ ಗಂಟೆಯೊಳಗೆ ಹೋದ್ರೆ ಒಳ್ಳೇದು. ಯಾರಾದ್ರೂ ಓಡಿ, ಸ್ಟಾಫ್ ರೂಮಿಂದ ಒಂದು ಲೋಟ ಹಾಲು ತನ್ನಿ!”

“ಹಾಲು ಯಾರಿಗೆ ಸರ್?” ಅಂದ ಒಬ್ಬ.

“ಹಲ್ಲಿಗೆ ಕಣೋ! ಅದು ಒಣಗಬಾರದು. ಓಡು!”

ಮಕ್ಕಳೆಲ್ಲ ಮಂಡಿಯೂರಿ ಹುಡುಕತೊಡಗಿದರು. ಹಲ್ಲಿಯೂ ಮಂಡಿಯೂರಿದಳು.

ಹಲ್ಲಿ ಅಂದರೆ ಗೋಡೆ ಮೇಲಿನ ಹಲ್ಲಿಯಲ್ಲ. ಗಿಲಕಿಯ ಪಕ್ಕದಲ್ಲೇ ಕೂರುವ ಸಣಕಲು ಹುಡುಗಿ. ಅವಳ ಅಮ್ಮ ಹಲ್ಲಿನ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಕಟ್ಟುಹಲ್ಲು ಮಾಡುತ್ತಿದ್ದರು. ‘ಹಲ್ಲು ಮಾಡೋರ ಮಗಳು ಹಲ್ಲಿ’ ಅಂತ ಹೆಸರಿಟ್ಟವಳು ಗಿಲಕಿಯೇ.

ಹಲ್ಲಿ ಬಲಗೈಯಿಂದ ಒಣಗಿದ ಎಲೆ, ಕಲ್ಲು ಸರಿಸುತ್ತಿದ್ದಳು. ಎಡಗೈ ಮುಷ್ಟಿ ಕಟ್ಟಿತ್ತು.

ಹಲ್ಲು ಆ ಮುಷ್ಟಿಯೊಳಗಿತ್ತು.

ಹತ್ತು ನಿಮಿಷದ ಹಿಂದೆ ನಲ್ಲಿಯ ಮುಂದೆ ಉದ್ದನೆ ಕ್ಯೂ ಇತ್ತು. ಗಿಲಕಿ ಮುಂದೆ, ಹಲ್ಲಿ ಅವಳ ಹಿಂದೆ. ಗಿಲಕಿಗೆ ಏನನ್ನಿಸಿತೋ, ತಿರುಗಿ ನೋಡಿ “ಲೊಚ್ ಲೊಚ್ ಲೊಚ್” ಅಂತ ಲೊಚಗುಟ್ಟಿದಳು. ಇಬ್ಬರೇ ಇದ್ದಾಗ ಅದು ತಮಾಷೆ. ಇವತ್ತು ಕ್ಯೂನಲ್ಲಿದ್ದವರೆಲ್ಲ ಶುರು ಮಾಡಿದರು. ಆರನೇ ಕ್ಲಾಸಿನವರೂ ಲೊಚ್ ಲೊಚ್! ಹಲ್ಲಿಗೆ ಕಿವಿ ಬಿಸಿಯಾಯಿತು. ಗಿಲಕಿ ನಗುನಗುತ್ತಲೇ ಬಗ್ಗಿ ನಲ್ಲಿಗೆ ಬಾಯಿ ಕೊಟ್ಟಳು. ಹಲ್ಲಿ ಹಿಂದಿನಿಂದ ಅವಳ ತಲೆಯನ್ನು ದೂಡಿದಳು.

ಠಣ್ ಅಂತ ಶಬ್ದ ಬಂತು, ಅಷ್ಟೇ. ಹಲ್ಲಿಯ ಶೂ ಪಕ್ಕದಲ್ಲಿ ಬೆಳ್ಳಗಿನದೇನೋ ಬಿತ್ತು. ಯಾಕೆ ಎತ್ತಿಕೊಂಡಳೋ ಅವಳಿಗೇ ತಿಳಿಯದು. ಕೈ ತಾನಾಗಿ ಹೋಯಿತು, ತಾನಾಗಿ ಮುಚ್ಚಿಕೊಂಡಿತು.

“ಯಾರು ತಳ್ಳಿದ್ದು?” ಅಂತ ಪಿಟಿ ಸರ್ ಕೇಳಿದಾಗ, “ಎಲ್ಲರೂ ತಳ್ತಾ ಇದ್ರು ಸರ್” ಅಂದರು ಹಿಂದಿನವರು.

ಈಗ ಕೈ ಬಿಚ್ಚಿದರೆ ಎಲ್ಲರಿಗೂ ಗೊತ್ತಾಗುತ್ತದೆ. ಮೆಲ್ಲಗೆ ನೆಲಕ್ಕೆ ಬಿಟ್ಟರೆ? ಯಾರಾದರೂ ‘ಸಿಕ್ತು!’ ಅಂತ ಕೂಗುತ್ತಾರೆ, ಎಲ್ಲ ಸರಿಹೋಗುತ್ತದೆ. ಹಲ್ಲಿ ಮುಷ್ಟಿಯನ್ನು ಕಲ್ಲಿನ ಪಕ್ಕಕ್ಕೆ ತಂದಳು. ಬೆರಳು ಸಡಿಲ ಮಾಡಿದಳು. ಅಷ್ಟರಲ್ಲಿ ಒಬ್ಬ ಹುಡುಗ ಅವಳ ಭುಜಕ್ಕೆ ಭುಜ ತಾಗಿಸಿ ಕೂತ. “ಇಲ್ಲಿ ನೋಡಿದೆಯಾ?”

“ನೋಡಿದೆ. ಇಲ್ಲ,” ಅಂದಳು ಹಲ್ಲಿ.

ಆ ಮಾತು ಬಾಯಿಂದ ಬಂದ ಮೇಲೆ ಕೈ ಬಿಚ್ಚುವುದು ಇನ್ನೂ ಕಷ್ಟವಾಯಿತು.

ಅವಳು ಎದ್ದು ಟಾಯ್ಲೆಟ್ಟಿಗೆ ಓಡಿದಳು. ಬಾಗಿಲು ಹಾಕಿಕೊಂಡು ಮುಷ್ಟಿ ಬಿಚ್ಚಿದಳು. ಹಲ್ಲು ಅವಳು ಅಂದುಕೊಂಡದ್ದಕ್ಕಿಂತ ಉದ್ದ ಇತ್ತು. ಅಷ್ಟುದ್ದದ ಬೇರು! ಅದಕ್ಕೆ ಮಣ್ಣು, ರಕ್ತ ಮೆತ್ತಿತ್ತು. ರಕ್ತ ನೋಡಲಾಗದೆ, ಸೋಪು ಹಾಕಿ, ಉಗುರಿನಿಂದ ಕೆರೆದು ಕೆರೆದು ತಿಕ್ಕಿದಳು. ಹಲ್ಲು ಬೆಳ್ಳಗಾಯಿತು. ಕರ್ಚೀಫಿನಲ್ಲಿ ಒರೆಸಿ ಜೇಬಿಗೆ ಹಾಕಿಕೊಂಡಳು.

ಹೊರಗೆ ಬಂದಾಗ ಗಿಲಕಿಯನ್ನು ಹೆಡ್‌ಮಿಸ್ ಕಾರಿನಲ್ಲಿ ಕರೆದುಕೊಂಡು ಹೋಗಿಯಾಗಿತ್ತು. ಕಟ್ಟೆಯ ಮೇಲೆ ಹಾಲಿನ ಲೋಟ ಹಾಗೇ ಇತ್ತು. ಸ್ವಲ್ಪ ಹೊತ್ತಿಗೆ ಆಯಾ ಬಂದು, ಲೋಟದೊಳಗೆ ಇಣುಕಿ ನೋಡಿ, ಹಾಲನ್ನು ಮೋರಿಗೆ ಚೆಲ್ಲಿದಳು.

ನಾಲ್ಕು ದಿನ ಪಕ್ಕದ ಜಾಗ ಖಾಲಿ ಇತ್ತು. ಹಲ್ಲು ಕಂಪಾಸ್ ಬಾಕ್ಸಿನಲ್ಲಿ, ರಬ್ಬರಿನ ಕೆಳಗಿತ್ತು. ಮಿಸ್ ಬೋರ್ಡಿನ ಮೇಲೆ ಏನು ಬರೆದರೋ ಹಲ್ಲಿಯ ತಲೆಗೆ ಹತ್ತಲಿಲ್ಲ.

ಮನೆಯಲ್ಲಿ ಅಮ್ಮ ಎಂದಿನ ಹಾಗೆ, “ಒಳಗಿನ ಹಲ್ಲು ತಿಕ್ಕಿದೆಯಾ? ಎರಡು ನಿಮಿಷ ಆಯ್ತಾ? ಬಾಯಿ ಮುಕ್ಕಳಿಸು,” ಅನ್ನುತ್ತಿದ್ದರು. ಬೆಳಗ್ಗೆ ಒಂದು ಸಲ, ಮಲಗುವ ಮುಂಚೆ ಒಂದು ಸಲ. ಈ ವಿಷಯದಲ್ಲಿ ಅಮ್ಮನ ಹತ್ತಿರ ಯಾವ ಆಟವೂ ನಡೆಯುತ್ತಿರಲಿಲ್ಲ. ದಿನಬೆಳಗಾದರೆ ಹುಳುಕು ಹಲ್ಲು, ಖಾಲಿ ಒಸಡು ನೋಡುವವರು ಅವರು. ಹಲ್ಲಿ ಕನ್ನಡಿ ಮುಂದೆ ನಿಂತು ಜೋರು ಜೋರಾಗಿ ತಿಕ್ಕಿದಳು. ಉಗುಳಿದ ನೊರೆಯಲ್ಲಿ ಕೆಂಪು ಕಂಡಿತು. ತಟ್ಟನೆ ನಲ್ಲಿ ತಿರುಗಿಸಿ ತೊಳೆದುಬಿಟ್ಟಳು.

ಐದನೇ ದಿನ ಸ್ಕೂಲು ಬಿಟ್ಟ ಮೇಲೆ ಅವಳು ಅಮ್ಮನ ಕೆಲಸದ ಕೋಣೆಗೆ ಹೋದಳು. ಅಲ್ಲಿ ಮೇಜು, ಕುರ್ಚಿ, ಕಿಟಕಿ ಎಲ್ಲದರ ಮೇಲೂ ಬಿಳಿ ಪುಡಿ. ಕಪಾಟಿನ ತುಂಬ ಬಿಳಿ ಗಾರೆಯಲ್ಲಿ ಎರಕ ಹೊಯ್ದ ಬಾಯಿಗಳು. ಯಾರದೋ ಮೇಲ್ದವಡೆ, ಯಾರದೋ ಕೆಳದವಡೆ. ಸಣ್ಣ ಉರಿಯ ಮೇಲೆ ಅಮ್ಮ ಗುಲಾಬಿ ಮೇಣ ಕರಗಿಸುತ್ತಿದ್ದರು.

“ಬಂದೆಯಾ? ಒಳ್ಳೇ ಹೊತ್ತಿಗೆ ಬಂದೆ. ಇಲ್ಲಿ ನೋಡು, ಇದು ಯಾರ ಬಾಯಿ ಹೇಳು?”

ಅಮ್ಮನ ಅಂಗೈ ಮೇಲೆ ಒಂದು ಪುಟ್ಟ ದವಡೆ. ಮುಂದೆ ಒಂದೇ ಒಂದು ಕಿಂಡಿ.

ಹಲ್ಲಿಗೆ ಯಾರೂ ಹೇಳಬೇಕಾಗಿರಲಿಲ್ಲ.

“ಪಾಪ, ನಿನ್ನ ಗಿಲಕಿದು. ಡಾಕ್ಟರು ಅಚ್ಚು ತೆಗೆದು ಕೊಟ್ಟಿದ್ದಾರೆ, ಅಂಗುಳಿಗೆ ಕೂರೋ ಕಟ್ಟುಹಲ್ಲಿನ ಪ್ಲೇಟು ಮಾಡಬೇಕು. ಅವರಪ್ಪ ಕೊಟ್ಟ ಫೋಟೋದಲ್ಲಿ ಅವಳು ನಕ್ಕಿದ್ದಾಳೆ. ಆದ್ರೆ ಅವಳು ನಗೋವಾಗ ಎಲ್ಲಿ ನೆಟ್ಟಗೆ ನಿಲ್ತಾಳೆ? ಫೋಟೋ ಅಲ್ಲಾಡಿಬಿಟ್ಟಿದೆ. ಹಲ್ಲಿನ ತುದಿ ಹೇಗಿತ್ತೇ? ಪಕ್ಕದಲ್ಲೇ ಕೂರ್ತೀಯಲ್ಲ, ಏನಾದ್ರೂ ನೆನಪಿದೆಯಾ?”

“ತುದಿ ನೇರ ಇಲ್ಲಮ್ಮ. ಗರಗಸದ ಥರ ಮೂರು ಸಣ್ಣ ಮೊನೆ ಇದೆ. ಬಲಗಡೆ ಮೊನೆ ಸ್ವಲ್ಪ ಸವೆದಿದೆ. ಮಧ್ಯದಲ್ಲಿ ಒಂದು ಬಿಳಿ ಚುಕ್ಕೆ, ಅಕ್ಕಿ ನುಚ್ಚಿನಷ್ಟು.”

ಅಮ್ಮನ ಕೈ ನಿಂತಿತು. “ಇಷ್ಟು ಸರಿಯಾಗಿ ಹೇಗೆ ಹೇಳ್ತಿದ್ದೀಯಾ?”

ಹಲ್ಲಿ ಬ್ಯಾಗು ಇಳಿಸಿದಳು. ಕಂಪಾಸ್ ಬಾಕ್ಸ್ ತೆಗೆಯುವಾಗ ಮುಚ್ಚಳ ನೆಲಕ್ಕೆ ಬಿತ್ತು. ರಬ್ಬರ್ ಸರಿಸಿ ಬಾಕ್ಸನ್ನು ಅಮ್ಮನ ಮುಂದಿಟ್ಟಳು.

ಅಮ್ಮ ಚಿಮಟದಲ್ಲಿ ಹಲ್ಲನ್ನು ಎತ್ತಿ ದೀಪದ ಕೆಳಗೆ ಹಿಡಿದರು. ಬೇರನ್ನು ಹೊರಳಿಸಿ ನೋಡಿದರು.

“ಯಾವಾಗಿಂದ ನಿನ್ನ ಹತ್ರ ಇದೆ?”

“ಆವತ್ತಿಂದ.”

“ಎಲ್ಲರೂ ಹುಡುಕ್ತಿದ್ದಾಗಲೂ?”

ಹಲ್ಲಿ ತಲೆಯಾಡಿಸಿದಳು. ಆಮೇಲೆ ಕಟ್ಟೆಯೊಡೆದ ಹಾಗೆ ಎಲ್ಲ ಹೊರಬಂತು. ಲೊಚ್ ಲೊಚ್, ದೂಡಿದ್ದು, ಮುಷ್ಟಿ, ‘ನೋಡಿದೆ, ಇಲ್ಲ’ ಅಂದದ್ದು. ಕೊನೆಗೆ, “ನಾನು ಚೆನ್ನಾಗಿ ತೊಳೆದೆ ಅಮ್ಮಾ. ಸೋಪು ಹಾಕಿ ತಿಕ್ಕಿದೆ. ಈಗ ಹಾಲಲ್ಲಿ ಹಾಕಿದ್ರೆ?” ಅಂದಳು.

ಬೈಗುಳ ಬೀಳುತ್ತದೆ, ಏಟೂ ಬೀಳಬಹುದು ಅಂತ ಅವಳು ಕಾದಳು. ಅಮ್ಮ ಉರಿ ಆರಿಸಿದರು. ಅವರ ದನಿ ತಗ್ಗಿತ್ತು.

“ಈ ಬೇರು ನೋಡು. ಇದರ ಮೇಲೆ ತೆಳ್ಳನೆ ಪೊರೆ ಇರುತ್ತೆ. ಅದಕ್ಕೆ ಜೀವ ಇರುತ್ತೆ. ಹಲ್ಲು ಮತ್ತೆ ದವಡೆಗೆ ಹಿಡಿದುಕೊಳ್ಳೋದು ಅದರಿಂದಲೇ. ಬಾಯಲ್ಲಿರೋ ಹಲ್ಲನ್ನ ತಿಕ್ಕಬೇಕು. ಬಿದ್ದ ಹಲ್ಲನ್ನ ತಿಕ್ಕಬಾರದು, ಬೇರು ಮುಟ್ಟಲೂಬಾರದು. ಹಾಗೇ ಹಾಲಿಗೆ ಹಾಕಿ ಓಡಬೇಕು. ನೀನು ಆ ಪೊರೇನೇ ತಿಕ್ಕಿ ತೆಗೆದಿದ್ದೀಯ. ಮಿಕ್ಕಿದ್ದು ಒಣಗಿ ಸತ್ತಿದೆ. ಇನ್ನು ಇದರಿಂದ ಏನೂ ಆಗಲ್ಲ ಮಗಳೇ.”

“ನೀನು ಇದೇ ಥರದ್ದು ಮಾಡ್ತೀಯಲ್ಲಮ್ಮ. ಯಾರಿಗೂ ಗೊತ್ತಾಗಲ್ಲ ಅಲ್ವಾ?”

“ನೋಡೋರಿಗೆ ಗೊತ್ತಾಗಲ್ಲ. ಅವಳಿಗೆ ಗೊತ್ತಾಗುತ್ತೆ.” ಅಮ್ಮ ಹಲ್ಲನ್ನು ಸಣ್ಣ ಡಬ್ಬಿಯಲ್ಲಿಟ್ಟು ಮುಚ್ಚಿದರು. “ಅವಳ ದವಡೆ ಇನ್ನೂ ಬೆಳೀತಾ ಇದೆ. ಈಗ ಮಾಡಿದ ಪ್ಲೇಟು ವರ್ಷ ಕಳೆದ್ರೆ ಹಿಡಿಸಲ್ಲ. ಮತ್ತೆ ಮಾಡಬೇಕು. ಪೂರ್ತಿ ಬೆಳೆದ ಮೇಲೆ ಗಟ್ಟಿಯಾಗಿ ಕೂರೋ ಹಲ್ಲು ಹಾಕಬಹುದು. ಅದಕ್ಕೆ ಇನ್ನೂ ಎಂಟು ವರ್ಷ ಬೇಕು.”

ಎಂಟು ವರ್ಷ. ಹಲ್ಲಿಗೆ ಈಗ ಹತ್ತು.

“ಶೂ ಹಾಕ್ಕೋ,” ಅಂದರು ಅಮ್ಮ. “ಈ ಹಲ್ಲು ನೋಡಿಕೊಂಡು ಮಾಡಿದ್ರೆ ನನಗೆ ಸುಲಭ. ಆದ್ರೆ ಇದು ನಿನ್ನದಲ್ಲ, ನನ್ನದೂ ಅಲ್ಲ. ಮೊದಲು ಅವಳ ಕೈಗೆ ಕೊಡು.”

ಗಿಲಕಿಯ ಮನೆ ಮೂರನೇ ಮಹಡಿಯಲ್ಲಿತ್ತು. ಬಾಗಿಲು ತೆಗೆದವರು ಅವಳ ಅಪ್ಪ, ಬಸ್ ಡ್ರೈವರ್. ಆಗಷ್ಟೇ ಡ್ಯೂಟಿ ಮುಗಿಸಿ ಬಂದಿದ್ದರು, ಖಾಕಿ ಅಂಗಿ ಇನ್ನೂ ಮೈಮೇಲಿತ್ತು. “ಬನ್ನಿ ಬನ್ನಿ! ನೋಡೇ ಯಾರು ಬಂದಿದ್ದಾರೆ, ನಿನ್ನ ಫ್ರೆಂಡು!”

ಗಿಲಕಿ ಗೋಡೆಗೊರಗಿ ಕೂತಿದ್ದಳು. ತುಟಿಯ ಊತ ಇಳಿದಿತ್ತು, ಆದರೂ ಬಾಯಿಗೆ ಅಡ್ಡವಾಗಿ ಕರ್ಚೀಫು ಹಿಡಿದಿದ್ದಳು. ಹಲ್ಲಿಯನ್ನು ಕಂಡು ಅವಳ ಕಣ್ಣು ಅರಳಿತು. ಅದನ್ನು ನೋಡಿ ಹಲ್ಲಿಗೆ ವಾಪಸ್ ಓಡಿಬಿಡೋಣ ಅನ್ನಿಸಿತು. ಅಮ್ಮ ಬೆನ್ನ ಹಿಂದೆಯೇ ನಿಂತಿದ್ದರು.

ಅವಳು ಡಬ್ಬಿ ಕೊಟ್ಟಳು. ಗಿಲಕಿ ಮುಚ್ಚಳ ತೆಗೆದಳು.

“ಎಲ್ಲಿ ಥಿಕ್ತು?” ಗಾಳಿ ಕಿಂಡಿಯಿಂದ ನುಗ್ಗಿ ಮಾತು ತೊದಲಿತು.

“ಸಿಕ್ಕಿದ್ದಲ್ಲ. ನನ್ನ ಹತ್ರಾನೇ ಇತ್ತು. ತಳ್ಳಿದ್ದೂ ನಾನೇ.”

ಗಿಲಕಿ ಡಬ್ಬಿಯನ್ನು ನೋಡಿದಳು, ಹಲ್ಲಿಯನ್ನು ನೋಡಿದಳು. ಕರ್ಚೀಫು ಕೆಳಗೆ ಬಿದ್ದದ್ದು ಅವಳಿಗೆ ಗೊತ್ತಾಗಲಿಲ್ಲ.

“ನೀನು ನನ್ನ ಪಕ್ಕದಲ್ಲೇ ಹುಡುಕ್ತಾ ಇದ್ದೆ,” ಅಂದಳು. “ನಾನು ನೋಡ್ತಾ ಇದ್ದೆ. ಎಲ್ಲರಿಗಿಂತ ಹೆಚ್ಚು ನೀನೇ ಹುಡುಕ್ತಿದ್ದೀಯಾ ಅಂದ್ಕೊಂಡೆ.”

“ಸಾರಿ ಕಣೇ...”

“ಹೋಗು.”

“ನಾನು ಬೇಕು ಅಂತ...”

“ಹೋಗು ಅಂದೆನಲ್ಲ!”

ಅವಳ ಅಪ್ಪ ಬಗ್ಗಿ ಡಬ್ಬಿಯನ್ನು ತೆಗೆದುಕೊಂಡು ಹಲ್ಲಿಯ ಅಮ್ಮನ ಕೈಗಿತ್ತರು. ಅವರ ದವಡೆ ಬಿಗಿದಿತ್ತು. “ಪ್ಲೇಟು ಮಾಡೋದು ನೀವೇ ಅಲ್ವಾ? ಚೆನ್ನಾಗಿ ಮಾಡಿಕೊಡಿ,” ಅಂದರು. ಬಾಗಿಲು ಮುಚ್ಚಿತು.

ಮೆಟ್ಟಿಲು ಇಳಿಯುವಾಗ ಹಲ್ಲಿ ಬಿಕ್ಕಿ ಬಿಕ್ಕಿ ಅತ್ತಳು. ಅಮ್ಮ ಸಮಾಧಾನ ಮಾಡಲಿಲ್ಲ. ಕೈಯನ್ನಂತೂ ಬಿಡಲಿಲ್ಲ.

ಮುಂದಿನ ವಾರ ಗಿಲಕಿ ಸ್ಕೂಲಿಗೆ ಬಂದಳು. ಬಂದವಳೇ ಹಲ್ಲಿಯ ಪಕ್ಕದ ಜಾಗ ಬಿಟ್ಟು ಮೂರನೇ ಬೆಂಚಿಗೆ ಹೋಗಿ ಕೂತಳು. ಮಕ್ಕಳೆಲ್ಲ ಮುತ್ತಿಕೊಂಡರು.

“ತೋರಿಸೇ, ತೋರಿಸೇ! ಅಯ್ಯೋ, ಸೇಮ್ ಟು ಸೇಮ್ ಇದೆ!”

“ನೋವಾಗುತ್ತಾ?”

“ರಾತ್ರಿ ತೆಗೆದು ಏನು ಮಾಡ್ತೀಯಾ?”

“ತೊಳೆದು ನೀರಲ್ಲಿ ಇಡಬೇಕು. ಊಟ ಆದ ಮೇಲೂ ತೆಗೆದು ತೊಳೀಬೇಕು. ಗಟ್ಟಿ ತಿಂಡಿ ಕಚ್ಚೋ ಹಾಗಿಲ್ಲ,” ಅಂತ ಗಿಲಕಿ ಒಂದೊಂದಕ್ಕೂ ಚಿಕ್ಕದಾಗಿ ಉತ್ತರ ಕೊಟ್ಟಳು. ಯಾರೋ ಜೋಕು ಹೊಡೆದರು. ಎಲ್ಲರೂ ನಕ್ಕರು. ಅವಳೂ ನಕ್ಕಳು, ತುಟಿ ಮುಚ್ಚಿಕೊಂಡು.

ಹಲ್ಲಿ ಕಾದಳು. ಇವತ್ತಲ್ಲ ನಾಳೆ ಕ್ಲಾಸಿಗೆಲ್ಲ ಗೊತ್ತಾಗುತ್ತದೆ, ಎಲ್ಲರೂ ತನ್ನನ್ನು ಬೈಯುತ್ತಾರೆ, ಆಮೇಲೆ ಅದೂ ಮುಗಿಯುತ್ತದೆ ಅಂತ. ಯಾರೂ ಏನೂ ಅನ್ನಲಿಲ್ಲ. ಗಿಲಕಿ ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಹಲ್ಲಿಗೆ.

ಮಧ್ಯಾಹ್ನದ ಪೀರಿಯಡ್ಡಿನಲ್ಲಿ ಮಿಸ್ ಪಾಠ ಓದಿಸಿದರು. ಒಬ್ಬೊಬ್ಬರು ಒಂದೊಂದು ಪುಟ. ಗಿಲಕಿಯ ಸರದಿ ಬಂತು. ಅವಳು ಎದ್ದು ನಿಂತಳು. ಹೊಸ ಪ್ಲೇಟಿಗೆ ನಾಲಿಗೆ ಇನ್ನೂ ಹೊಂದಿಕೊಂಡಿರಲಿಲ್ಲ.

“ಥಮುದ್ರದ ಮೇಲೆ ಥಂಜೆಯ ಥೂರ್ಯ...”

ಹಿಂದಿನ ಬೆಂಚಿನಲ್ಲಿ ಕಿಸಕ್ ಅಂದರು. ಗಿಲಕಿಯ ಕತ್ತು ಕೆಂಪಾಯಿತು.

“ಕಷ್ಟ ಆದ್ರೆ ಕೂತ್ಕೋ ಮಗು, ಬೇರೆಯವರು ಓದ್ತಾರೆ,” ಅಂದರು ಮಿಸ್.

“ಇಲ್ಲ ಮಿಥ್, ನಾನೇ ಓದ್ತೀನಿ.”

ಅವಳು ಮತ್ತೆ ಮೊದಲಿಂದ ಶುರು ಮಾಡಿದಳು. ಎಲ್ಲೆಲ್ಲಿ ‘ಸ’ ಇತ್ತೋ ಅಲ್ಲೆಲ್ಲ ನಿಂತಳು. ನಾಲಿಗೆಯನ್ನು ಒಳಗೆಳೆದುಕೊಂಡು ಒಂದು ಸಲ ಮನಸ್ಸಿನಲ್ಲೇ ಹೇಳಿಕೊಂಡು, ಆಮೇಲೆ ಬಾಯಲ್ಲಿ ಹೇಳಿದಳು. ತಪ್ಪಾದರೆ ಇನ್ನೊಂದು ಸಲ. ಆ ಪುಟದಲ್ಲಿ ಎಷ್ಟೊಂದು ‘ಸ’ ಇದ್ದವು! ಹಲ್ಲಿ ಮುಂಚೆ ಯಾವತ್ತೂ ಅದನ್ನು ಗಮನಿಸಿರಲಿಲ್ಲ. ಇನ್ನೂ ಎಷ್ಟು ಪುಟಗಳಿವೆ ಅಂತ ಅವಳು ಪುಸ್ತಕದ ದಪ್ಪ ನೋಡಿದಳು.

ಅವಳು ತನ್ನ ಪುಸ್ತಕದಲ್ಲಿ ಗಿಲಕಿ ತಡವರಿಸುತ್ತಿದ್ದ ಪದದ ಮೇಲೆ ಬೆರಳಿಟ್ಟಳು. ಬೆಂಚಿನ ಇನ್ನೊಂದು ಬದಿಯವಳು ಆಗಲೇ ಪುಟ ಮಗುಚಿದ್ದಳು. ಹಿಂದಿನಿಂದ ಇನ್ನೊಂದು ಸಲ ಕಿಸಕ್ ಅಂತ ಕೇಳಿಸಿತು. ಹಲ್ಲಿ ತಲೆ ಎತ್ತಲಿಲ್ಲ. ಗಿಲಕಿ ಆ ಪದವನ್ನು ದಾಟುವವರೆಗೂ ಅವಳ ಬೆರಳು ಮುಂದಕ್ಕೆ ಹೋಗಲಿಲ್ಲ.